ಕಡಿದು ಕಡಿದು ಬರುವ ಹಾಡು

ಬೀದಿಯವರು ಅವನಿಗೆ ಇಟ್ಟ ಹೆಸರು ಗೊರಗೊರ ಡಾಕ್ಟರು. ಮೂವತ್ತು ವರ್ಷದಿಂದ ಸ್ಪೀಕರುಗಳ ಗೊರಗೊರ ಬಿಡಿಸುವುದೇ ಅವನ ಕಸುಬು. ತಾನು ಕೈಯಿಟ್ಟ ಮೇಲೆ ಒಂದು ಸಣ್ಣ ಕರಕರವೂ ಉಳಿಯಬಾರದೆಂಬ ಜಂಬ ಬೇರೆ.

ಟೈಲರಕ್ಕನ ಮನೆಯ ಸ್ಪೀಕರು, ಯಾರೂ ಹಾಡು ಹಾಕದಿದ್ದರೂ, ಮಧ್ಯಾಹ್ನದ ಹೊತ್ತಿಗೆ ತಾನೇ ಮೆಲ್ಲಗೆ ಗುನುಗುತ್ತಿತ್ತು. ಡಾಕ್ಟರು ಹೋಗಿ ನೋಡಿದ. ಹೊಲಿಗೆ ಯಂತ್ರದ ಪಕ್ಕದಿಂದ ಒಳಕೋಣೆಯ ಸ್ಪೀಕರಿನವರೆಗೆ ಎಳೆದಿದ್ದ ಉದ್ದದ ತಂತಿ ಆಂಟೆನಾದಂತಾಗಿ, ಊರಾಚೆಯ ರೇಡಿಯೋ ಗೋಪುರದ ಅಲೆಗಳನ್ನು ಹಿಡಿಯುತ್ತಿತ್ತು. ನಡುವೆ ಕಿಲುಬುಗಟ್ಟಿದ್ದ ಒಂದು ಗಂಟು ಅದನ್ನು ಸೋಸಿ ದನಿ ಮಾಡುತ್ತಿತ್ತು. ತಂತಿ ಗಿಡ್ಡ ಮಾಡಿ, ಗಂಟು ಕತ್ತರಿಸಿ, ಬೆಸುಗೆ ಹಾಕಿ ಬೀಗುತ್ತಾ ಹೊರಟ.

ವಾರದೊಳಗೆ ಅವಳು ಅಂಗಡಿಗೆ ಬಂದಳು. ಮುಖ ಬಾಡಿತ್ತು.

"ಅಣ್ಣಾ, ಅದನ್ನ ಮತ್ತೆ ಕೆಡಿಸಿ ಕೊಡಿ."

"ಏನಮ್ಮಾ, ತಮಾಷೆನಾ?"

ತಮಾಷೆಯಲ್ಲ. ಒಳಕೋಣೆಯಲ್ಲಿ ಮಲಗಿದ್ದ ಅವಳ ತಾಯಿಗೆ ಲಕ್ವ ಹೊಡೆದು ಎರಡು ವರ್ಷದಿಂದ ಮಾತು ನಿಂತಿತ್ತು. ಮೊನ್ನೆ ಪಕ್ಕದ ಮನೆಯಾಕೆ ಕಿಟಕಿಯಿಂದ ಕೇಳಿದ್ದಳು: "ನಿಮ್ಮಮ್ಮ ಈಗ ಹಾಡೋದೇ ಇಲ್ವಲ್ಲ, ಯಾಕೆ?" ಯಂತ್ರದ ಗಡಗಡದಲ್ಲಿ ಮಗಳು ತಾಯಿಯ ಹಾಡನ್ನೂ ಸ್ಪೀಕರಿನ ಗೊಣಗಾಟವೆಂದೇ ತಿಳಿದಿದ್ದಳು.

"ಹಾಗಾದ್ರೆ ಒಂದು ರೇಡಿಯೋನೇ ತಂದಿಡಮ್ಮ."

"ಅದನ್ನೂ ತಂದಿಟ್ಟೆ. ಹಾಡು ಪೂರ್ತಿ ಕೇಳಿಸಿದ್ರೆ ಗೋಡೆ ಕಡೆ ತಿರುಗಿ ಮಲಗ್ತಾಳೆ. ಇದರಲ್ಲಿ ಕಡಿದು ಕಡಿದು ಬರ್ತಿತ್ತಲ್ಲ, ಬಿಟ್ಟುಹೋಗಿದ್ದನ್ನ ಅವಳು ಹಾಡ್ತಿದ್ಲಂತೆ."

ಕೆಟ್ಟದ್ದನ್ನು ಸರಿ ಮಾಡುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಬೇಕೆಂದೇ ಕೆಡಿಸುವ ವಿದ್ಯೆಯನ್ನು ಮಾತ್ರ ಯಾರೂ ಕಲಿಸಿರಲಿಲ್ಲ. ಮತ್ತೆ ಉದ್ದದ ತಂತಿ ಎಳೆದ. ಕಿಲುಬು ಹಿಡಿಯಲೆಂದು ಹೊಸ ಗಂಟನ್ನು ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿದ, ಮತ್ತೆ ಅದ್ದಿದ. ಮೂರು ಮಧ್ಯಾಹ್ನ ಒಳಕೋಣೆಯ ಗೋಡೆಗೊರಗಿ ಕುಳಿತ. ಪರದೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಹೊರಗೆ ಯಂತ್ರ ಓಡುತ್ತಿತ್ತು. ಮಂಚದ ಮೇಲೆ ಆ ತಾಯಿ ಸೂರು ನೋಡುತ್ತಿದ್ದರು. ತೂಕಡಿಕೆಯಲ್ಲಿ ಅವನಿಗೆ ಕೋಣೆಯೇ ತೇಲುತ್ತಿರುವಂತೆ ಅನ್ನಿಸುತ್ತಿತ್ತು. ಸ್ಪೀಕರು ಮಾತ್ರ ಬಾಯಿ ಬಿಡಲಿಲ್ಲ. ತನ್ನ ಅಚ್ಚುಕಟ್ಟುತನದ ಮೇಲೇ ಅವನಿಗೆ ಸಿಟ್ಟು ಬಂತು.

ನಾಲ್ಕನೆಯ ದಿನ, ಕಣ್ಣು ಎಳೆಯುತ್ತಿದ್ದಾಗ, ಸ್ಪೀಕರಿನೊಳಗಿಂದ ಒಂದು ಹೆಣ್ಣುದನಿ ಎಳೆಎಳೆಯಾಗಿ ತೇಲಿಬಂತು. ಒಂದು ಸಾಲು, ಇನ್ನರ್ಧ ಸಾಲು. ಆಮೇಲೆ ಕರಕರ. ಅಭ್ಯಾಸಬಲದಿಂದ ಅವನ ಕೈ ಇಕ್ಕಳದತ್ತ ಹೋಯಿತು.

ಅಷ್ಟರಲ್ಲಿ ಮಂಚದಿಂದ, ಒಡೆದ ದನಿಯೊಂದು ಉಳಿದರ್ಧವನ್ನು ಎತ್ತಿಕೊಂಡಿತು.

ಹೊರಗೆ ಯಂತ್ರ ನಿಂತಿತು. ಮಗಳು ಕೈಯಲ್ಲಿದ್ದ ಬಟ್ಟೆಯನ್ನೇ ಬಾಯಿಗೊತ್ತಿಕೊಂಡು ಬಾಗಿಲಲ್ಲಿ ನಿಂತಳು. ರೇಡಿಯೋ ಹಾಡು ಮರಳಿ ಬಂದೊಡನೆ ಆ ತಾಯಿ ಸುಮ್ಮನಾದರು. ಗೊರಗೊರ ಡಾಕ್ಟರು ಕೈ ಹಿಂದಕ್ಕೆಳೆದುಕೊಂಡು, ಹಾಡು ಮತ್ತೆ ಯಾವಾಗ ಕಡಿದೀತೋ ಎಂದು ಕಾಯುತ್ತಾ ಕುಳಿತ.