ಹೆಂಡತಿಯ ಪಕ್ಕದಲ್ಲಿ ನಡೆಯುವುದು

ಎದುರಿಗೆ ಬರುತ್ತಿರುವ ಗಂಡಸೂ ಹೆಂಗಸೂ ಪರಸ್ಪರ ಏನಾಗಬೇಕೆಂಬುದನ್ನು ಅವರ ನಡುವಿನ ದೂರವನ್ನು ನೋಡಿಯೇ ಹೇಳಿಬಿಡಬಹುದಾದ ಕಾಲವೊಂದಿತ್ತು. ಅಣ್ಣ ತಂಗಿಯರಾದರೆ ಜಗಳವಾಡುತ್ತ ಜೊತೆಯಲ್ಲೇ ಬರುತ್ತಿದ್ದರು. ತಾಯಿ ಮಗನಾದರೆ ಮಗನ ತೋಳು ತಾಯಿಯ ಕೈಯಲ್ಲಿರುತ್ತಿತ್ತು. ಇಬ್ಬರ ಮಧ್ಯೆ ಎತ್ತಿನ ಗಾಡಿಯೊಂದು ಸರಾಗವಾಗಿ ಅಡ್ಡ ಹಾಯುವಷ್ಟು ಅಂತರವಿದ್ದು, ಮುಂದಿನವನು ಆಕಾಶವನ್ನೂ ಹಿಂದಿನವಳು ನೆಲವನ್ನೂ ನೋಡುತ್ತಿದ್ದರೆ, ಓದುಗ ಮಹಾಶಯರೇ, ಅವರು ನಿಸ್ಸಂಶಯವಾಗಿ ಸತಿಪತಿಗಳು. ಸಪ್ತಪದಿಯಲ್ಲಿ ಕೈಹಿಡಿದು ಹೆಜ್ಜೆಯಿಟ್ಟವರು ಮಂಟಪದಿಂದ ಇಳಿದೊಡನೆ ಹೀಗೆ ಬಿಡಿಬಿಡಿಯಾಗುವುದೇಕೆಂದು ಯಾರೂ ಕೇಳುತ್ತಿರಲಿಲ್ಲ. ಸಹಧರ್ಮಿಣಿ ಎಂಬ ಶಬ್ದದಲ್ಲಿ ‘ಸಹ’ ಇದೆ, ನಿಜ. ಆದರೆ ಅದು ನಿಘಂಟಿನಲ್ಲಿ ನಡೆಯುತ್ತಿತ್ತೇ ಹೊರತು ರಸ್ತೆಯಲ್ಲಿ ನಡೆಯುತ್ತಿರಲಿಲ್ಲ.

ನಾನು ಆಗ ಅರಸೀಕೆರೆಯಲ್ಲಿ ವಕೀಲನಾಗಿದ್ದೆ. ಕಕ್ಷಿಗಾರರು ವಿರಳವಾಗಿದ್ದುದರಿಂದ ವಿಚಾರಗಳು ವಿಪುಲವಾಗಿದ್ದವು. ಖಾದಿ ಉಡುತ್ತಿದ್ದೆ. ಬಾವುಟದ ಮೆರವಣಿಗೆ ಹೊರಟರೆ ಗುರುತು ಪರಿಚಯವಿಲ್ಲದವರ ಹೆಗಲಿಗೆ ಹೆಗಲು ತಾಗಿಸಿ ಮುಂದಿನ ಸಾಲಿನಲ್ಲೇ ನಡೆಯುತ್ತಿದ್ದೆ. ಸಮಾನತೆಯ ಮೇಲೆ ಭಾಷಣ ಮಾಡೆಂದು ಯಾರಾದರೂ ಕೇಳಿದರೆ ಎರಡನೆಯ ಸಲ ಕೇಳುವ ಶ್ರಮವನ್ನು ಅವರಿಗೆ ಕೊಡುತ್ತಿರಲಿಲ್ಲ. ನನ್ನ ಹೆಂಡತಿ ಕಮಲ ಬೇಲೂರಿನವಳು. ದೇವಸ್ಥಾನದ ಜಗಲಿಯ ಮೇಲೆ ಕಲ್ಲಿನ ಹೆಣ್ಣುಗಳ ಮುಖಗಳನ್ನು ಒಂದೊಂದಾಗಿ ವಿಚಾರಿಸಿಕೊಳ್ಳುತ್ತ ಸುತ್ತು ಬಂದು ಬೆಳೆದವಳು. ಬೇಲೂರಿನವರು ನಡೆಯುವುದು ನೋಡುವುದಕ್ಕೆ; ಅರಸೀಕೆರೆ ರೈಲು ಜಂಕ್ಷನ್ ಆದ್ದರಿಂದ ನಾವು ನಡೆಯುವುದು ರೈಲು ಹಿಡಿಯುವುದಕ್ಕೆ, ರೈಲಿಗೂ ನಮಗೂ ಯಾವ ಸಂಬಂಧವೂ ಇಲ್ಲದ ದಿನ ಕೂಡ. ಹೀಗಾಗಿ ನಮ್ಮಿಬ್ಬರ ನಡುವೆ ರೂಢಿಯ ಗಾಡಿಯ ಜೊತೆಗೆ ಇನ್ನೂ ಒಂದೆರಡು ಗಾಡಿಗಳು ಹಾಯುವಷ್ಟು ಜಾಗವಿರುತ್ತಿತ್ತು.

ಒಂದು ಸಂತೆಯ ದಿನ ನಾವು ತರಕಾರಿ ಕೊಂಡು ಮನೆಗೆ ಹೊರಟೆವು. ಮಾರನೆಯ ದಿನ ವಾಚನಾಲಯದಲ್ಲಿ ಸ್ತ್ರೀಯರ ಸಮಾನತೆಯನ್ನು ಕುರಿತು ನನ್ನದೊಂದು ಭಾಷಣವಿತ್ತು. ಅದನ್ನು ಹಿಂದೆ ಬರುತ್ತಿದ್ದ ಹೆಂಡತಿಯ ಮೇಲೆ ಪ್ರಯೋಗಿಸಿ ನೋಡೋಣವೆಂದು ಗಟ್ಟಿಯಾಗಿ ಒಪ್ಪಿಸುತ್ತ, ಗುಂಪಿನಲ್ಲಿ ಅವಳು ತಪ್ಪಿಸಿಕೊಳ್ಳದಿರಲೆಂದು ನಡುನಡುವೆ ತಿರುಗದೆಯೇ “ಬಾ, ಬಾ” ಎನ್ನುತ್ತ ಮನೆಯ ಜಗಲಿಯನ್ನು ತಲುಪಿದೆ. ಸಮಾರೋಪದ ವಾಕ್ಯ ಚೆನ್ನಾಗಿ ಬಂದಿತ್ತು. ಅದರ ಪರಿಣಾಮವನ್ನು ನೋಡಲೆಂದು ಹಿಂದಕ್ಕೆ ತಿರುಗಿದೆ. ಅಲ್ಲಿ ನಿಂತಿದ್ದವಳು ನನ್ನ ಹೆಂಡತಿಯಲ್ಲ. ತಲೆಯ ಮೇಲೆ ಒಣಮೆಣಸಿನಕಾಯಿಯ ದೊಡ್ಡ ಬುಟ್ಟಿ ಹೊತ್ತ, ಜಾವಗಲ್ ಕಡೆಯ ಒಬ್ಬ ದಷ್ಟಪುಷ್ಟ ಹೆಂಗಸು.

“ನೀನು ಯಾರಮ್ಮ?” ಎಂದೆ.

“ನೀವೇ ಅಲ್ವರಾ ಬಾ ಬಾ ಅಂದಿದ್ದು? ಬುಟ್ಟಿ ಇಳಿಸ್ಕೊಳ್ಳಿ ಬುದ್ಧಿ, ಕತ್ತು ಬಿದ್ದೋಗ್ತಾ ಐತೆ” ಎಂದಳು ಆಕೆ. ಬುಟ್ಟಿ ಇಳಿಸಿಕೊಂಡೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, “ದಾರಿ ಉದ್ದಕ್ಕೂ ಅದೇನೋ ಹೇಳ್ತಿದ್ರಿ. ಒಂದೂ ತಿಳೀಲಿಲ್ಲ. ಆದ್ರೂ ಮೆಣಸಿನಕಾಯಿ ಬೇಕು ಅಂತ ಅಂದ್ಕೊಂಡೆ” ಎಂದಳು.

ಈ ಹೊತ್ತಿಗೆ ಕಮಲ ರಸ್ತೆಯ ತಿರುವಿನಲ್ಲಿ ಕಾಣಿಸಿಕೊಂಡಳು. ಸಂತೆಯಲ್ಲಿ ಬಳೆಗಾರನ ಮುಂದೆ ಕೈ ನೀಡಿ, “ಸ್ವಲ್ಪ ನಿಲ್ರೀ” ಎಂದು ಕೂಗಿದಳಂತೆ. ಬಳೆ ಅರ್ಧ ಏರಿದ ಕೈಯನ್ನು ಎಳೆದುಕೊಳ್ಳುವಂತಿಲ್ಲ. ನಾನೋ ಆ ವೇಳೆಗೆ ಪೀಠಿಕೆಯನ್ನು ದಾಟಿದ್ದೆ. ಅವಳು ಮೆಣಸಿನಕಾಯಿಯವಳನ್ನು ನೋಡಿದಳು, ನನ್ನನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು. ಆಕೆಗೆ ಕುಡಿಯಲು ಮಜ್ಜಿಗೆ ಕೊಟ್ಟು, ಅರ್ಧ ಬುಟ್ಟಿ ಮೆಣಸಿನಕಾಯಿ ಅಳೆಸಿಕೊಂಡು, ಉಪಚಾರದ ಮಾತಾಡಿ ಕಳಿಸಿದ ಮೇಲೆ ನನ್ನ ಕಡೆ ತಿರುಗಿದಳು.

“ಇನ್ನು ಮೇಲೆ ನಾನು ನಿಮ್ಮ ಹಿಂದೆ ಬರೋದಿಲ್ಲ.”

“ಹಾಗಾದರೆ ಮುಂದೆ ನಡೀತೀಯೇನು?” ಎಂದೆ, ವಕೀಲನ ಚಾತುರ್ಯದಿಂದ.

“ಪಕ್ಕದಲ್ಲಿ. ಮೆರವಣಿಗೇಲಿ ಯಾರ್ಯಾರ ಪಕ್ಕದಲ್ಲೋ ನಡೀತೀರಲ್ಲ, ಹಾಗೆ.”

ಮೊಕದ್ದಮೆಯನ್ನು ಅಲ್ಲಿಗೇ ಸೋತೆ. ನನ್ನ ವೃತ್ತಿಜೀವನದಲ್ಲಿ ಅದೇನೂ ಅಪೂರ್ವ ಘಟನೆಯಲ್ಲ.

ಮಾರನೆಯ ಸಂಜೆ ಭಾಷಣ ಮುಗಿಸಿ ಬಂದೊಡನೆಯೇ ನಾವು ಸ್ಟೇಷನ್ ರಸ್ತೆಯಲ್ಲಿ ಪಕ್ಕಪಕ್ಕದಲ್ಲಿ ಹೊರಟೆವು. ಪಕ್ಕದಲ್ಲಿ ನಡೆಯುವುದೊಂದು ಲಲಿತಕಲೆ ಎಂಬುದು ನನಗೆ ತಿಳಿದದ್ದು ಆಗಲೇ. ಒಬ್ಬನೇ ನಡೆಯುವಾಗ ತೋಳುಗಳು ತಮ್ಮ ಪಾಡಿಗೆ ತಾವು ಬೀಸುತ್ತಿರುತ್ತವೆ. ಪಕ್ಕದಲ್ಲಿ ಹೆಂಡತಿ ಬಂದೊಡನೆ ಒಂದು ತೋಳು ಎಲ್ಲಿರಬೇಕೆಂದು ತಿಳಿಯದೆ ಒದ್ದಾಡತೊಡಗುತ್ತದೆ. ಅದಕ್ಕೆ ಕೆಲಸ ಕೊಡಲೆಂದು ಮಳೆಯಿಲ್ಲದಿದ್ದರೂ ಕೊಡೆ ಹಿಡಿದುಕೊಂಡೆ. ಕಾಲುಗಳದು ಇನ್ನೊಂದು ಗೋಳು. ನನಗೇ ಅರಿವಿಲ್ಲದೆ ಅವು ಮುಂದೋಡುತ್ತಿದ್ದವು. ಕಮಲ ಓಡಿ ಬರುತ್ತಿರಲಿಲ್ಲ, ಕೂಗುತ್ತಲೂ ಇರಲಿಲ್ಲ. ಇದ್ದಲ್ಲೇ ನಿಂತು ಬೇವಿನ ಮರವನ್ನೋ ಯಾರದೋ ಮನೆಯ ಬಾಗಿಲವಾಡದ ಕೆತ್ತನೆಯನ್ನೋ ನೋಡುತ್ತಿದ್ದಳು. ನಾನು ವಾಪಸು ಬಂದು ಸೇರಿಕೊಳ್ಳಬೇಕಾಗುತ್ತಿತ್ತು. ಹೀಗೆ ಸ್ಟೇಷನ್ನಿಗೆ ಅವಳು ಒಂದು ಸಲ ಹೋಗುವುದರಲ್ಲಿ ನಾನು ಒಂದೂವರೆ ಸಲ ಹೋದಂತಾಗುತ್ತಿತ್ತು.

ಸ್ಟೇಷನ್ನಿನ ಅರ್ಧ ದಾರಿಯಲ್ಲಿ ಗುರುಶಾಂತಪ್ಪನವರ ಕೊಬ್ಬರಿ ಮಂಡಿ. ಅವರು ಊರಿನ ದೊಡ್ಡ ವರ್ತಕರು, ವಿಭೂತಿಯ ವಿಶಾಲ ಹಣೆಯವರು, ಮತ್ತು ನನ್ನ ಏಕಮಾತ್ರ ಗಣ್ಯ ಕಕ್ಷಿಗಾರರು. ನಮ್ಮನ್ನು ಕಂಡು ಗಾಬರಿಯಿಂದ ಗಾದಿ ಬಿಟ್ಟು ಎದ್ದರು.

“ಏನ್ ಸ್ವಾಮಿ ವಕೀಲ್ರೆ, ಅಮ್ಮಾವ್ರಿಗೆ ಮೈಗೆ ಹುಷಾರಿಲ್ವೇ? ಆಸ್ಪತ್ರೆಗೆ ಗಾಡಿ ಕಟ್ಟಿಸ್ಲಾ?”

ಹುಷಾರಾಗಿದ್ದಾಳೆ, ಸುಮ್ಮನೆ ತಿರುಗಾಡಲು ಹೊರಟೆವು ಎಂದೆ. ಅವರು ಗಾದಿಯ ಮೇಲೆ ನಿಧಾನವಾಗಿ ಕುಳಿತುಕೊಂಡರು. ಕಾಯಿಲೆಯಾಗಿದ್ದರೆ ಅವರಿಗೆ ಇಷ್ಟು ಕಳವಳವಾಗುತ್ತಿರಲಿಲ್ಲವೇನೋ.

ಮನೆಯಲ್ಲಿ ನನ್ನ ಸೋದರತ್ತೆ ರಂಗತ್ತೆ ಇದ್ದರು. ನನ್ನನ್ನು ಸಾಕಿ ಬೆಳೆಸಿದವರು, ಅಡುಗೆಮನೆಯ ಏಕಚಕ್ರಾಧಿಪತಿ. ವಿಷಯ ಕಿವಿಗೆ ಬಿದ್ದ ಬೆಳಿಗ್ಗೆ ಒಲೆ ಹಚ್ಚಲಿಲ್ಲ. “ರಸ್ತೇಲಿ ಪಕ್ಕಪಕ್ಕದಲ್ಲಿ ನಡೆಯೋರು ಕಾಫೀನೂ ಪಕ್ಕಪಕ್ಕದಲ್ಲೇ ಕೂತು ಮಾಡ್ಕೊಳ್ಳಿ” ಎಂದು ಜಪಮಣಿ ಹಿಡಿದು ಕುಳಿತರು. ನಾನು ವರ್ಷಗಟ್ಟಲೆ ವೇದಿಕೆಗಳ ಮೇಲೆ ಬೋಧಿಸಿದ್ದ ಅಸಹಕಾರ ತತ್ತ್ವ ಇಷ್ಟು ಪರಿಶುದ್ಧವಾಗಿ ಆಚರಣೆಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾಫಿ ಕಮಲಳೇ ಮಾಡಿದಳು. ಅತ್ತೆಯವರ ಲೋಟವನ್ನು ಅವರ ಮುಂದಿಟ್ಟಳು. ಅವರು ಕೂಡಲೇ ಕುಡಿಯಲಿಲ್ಲ, ಆದರೆ ಆರಿಹೋಗುವ ಮುನ್ನ ಕುಡಿದರು.

ಅತ್ತೆಯವರ ಮುನಿಸನ್ನು ಸಹಿಸಬಹುದಾಗಿತ್ತು. ಆದರೆ ಒಂದು ದಿನ ಗುರುಶಾಂತಪ್ಪನವರು ನನ್ನನ್ನು ಮಂಡಿಯೊಳಕ್ಕೆ ಕರೆದು ಧ್ವನಿ ತಗ್ಗಿಸಿದರು. “ತಪ್ಪು ತಿಳೀಬೇಡಿ. ಮನೇಲೇ ಮುಂದೆ ನಿಲ್ಲದೋರು ಕೋರ್ಟಲ್ಲಿ ನಿಮ್ಮ ಪರವಾಗಿ ಏನು ಮುಂದೆ ನಿಲ್ತಾರೆ ಅಂತ ಜನ ನನ್ನನ್ನ ಕೇಳ್ತಾವ್ರೆ. ನನ್ನ ತೋಟದ ವ್ಯಾಜ್ಯ ಬೇರೆ ಇನ್ನೂ ನಡೀತಾ ಐತೆ.” ಆ ವ್ಯಾಜ್ಯ ಕೈತಪ್ಪಿದರೆ ನನ್ನ ವಕೀಲಿ ಬೋರ್ಡಿನ ಮೇಲೆ ಮಾತ್ರ ಉಳಿಯುತ್ತಿತ್ತು. ಅಂದು ಸಂಜೆ ಕಮಲ ತಲೆ ಬಾಚಿಕೊಂಡು ಬಾಗಿಲಿಗೆ ಬಂದಾಗ, ನಾನು ಒಂದು ದಪ್ಪ ಕಾನೂನು ಪುಸ್ತಕವನ್ನು ಬಿಡಿಸಿಕೊಂಡು, “ಇವತ್ತು ಓದೋದಿದೆ ಕಣೇ” ಎಂದೆ.

ಅವಳಿಗೆ ಅರ್ಥವಾಯಿತು. ಬೇಸರ ತೋರಿಸಲಿಲ್ಲ. “ಓದಿ” ಎಂದಳು. ಆಮೇಲೆ ಒಬ್ಬಳೇ ಮೆಟ್ಟಿಲಿಳಿದು ಹೊರಟಳು.

ಹೆಂಗಸೊಬ್ಬಳು ಸಂಜೆಯ ಹೊತ್ತು, ಕೈಯಲ್ಲಿ ಬಿಂದಿಗೆಯಾಗಲಿ ಹೂವಿನ ಬುಟ್ಟಿಯಾಗಲಿ ಇಲ್ಲದೆ, ಸುಮ್ಮನೆ ನಡೆದುಹೋಗುವುದನ್ನು ನಮ್ಮ ಸ್ಟೇಷನ್ ರಸ್ತೆ ಅದುವರೆಗೆ ಕಂಡಿರಲಿಲ್ಲ. ಕಿಟಕಿಯಿಂದ ನೋಡಿದೆ. ಕ್ಷೌರದಂಗಡಿಯವನ ಕತ್ತಿ ಗಿರಾಕಿಯ ಗಲ್ಲದ ಮೇಲೆಯೇ ನಿಂತುಹೋಯಿತು. ಜಟಕಾದವರು ಮಾತು ನಿಲ್ಲಿಸಿದರು. ಕಮಲ ಎಂದಿನ ನಿಧಾನದಲ್ಲೇ ಹೋಗುತ್ತಿದ್ದಳು, ಆದರೆ ಅಂದು ಅವಳು ಮರಗಳನ್ನಾಗಲಿ ಬಾಗಿಲುಗಳನ್ನಾಗಲಿ ನೋಡುತ್ತಿರಲಿಲ್ಲ. ನೆಟ್ಟಗೆ ಮುಂದಕ್ಕೆ ನೋಡುತ್ತಿದ್ದಳು. ಅದನ್ನು ಕಂಡೊಡನೆ ಪುಸ್ತಕ ಮುಚ್ಚಿ, ಮೆಟ್ಟು ಸಿಕ್ಕಿಸಿಕೊಂಡು ಓಡಿದೆ.

ಓಡುತ್ತಿರುವ ವಕೀಲನಿಗೆ ಊರಿನಲ್ಲಿ ಗೌರವವಿಲ್ಲ, ಅದರಲ್ಲೂ ಹೆಂಡತಿಯ ಹಿಂದೆ. “ವಕೀಲ್ರೆ, ಹಿಂದೆ ಬಿದ್ಬಿಟ್ರಲ್ಲ!” ಎಂದು ಮಂಡಿಯಿಂದ ಗುರುಶಾಂತಪ್ಪನವರು ಕೂಗಿದರು. ರಸ್ತೆಯ ಎರಡೂ ಬದಿಯವರು ನಕ್ಕರು. ಜಟಕಾಸ್ಟ್ಯಾಂಡಿನ ಹತ್ತಿರ ಅವಳನ್ನು ಸೇರಿಕೊಂಡೆ.

“ಓದಿ ಮುಗೀತೇ?” ಎಂದಳು.

“ಇಲ್ಲ.”

“ನಿಧಾನ ಬನ್ನಿ. ಏದುಸಿರು ಬರ್ತಿದೆ.”

ಅವಳ ಧ್ವನಿ ನಡುಗುತ್ತಿತ್ತು. ಇಷ್ಟು ಹೊತ್ತು ಅವಳಿಗೂ ಹೆದರಿಕೆಯಾಗಿತ್ತೆಂದು ನನಗೆ ಗೊತ್ತಾದದ್ದು ಆಗಲೇ. ನನ್ನ ತೋಳಿಗೆ ಅಂದು ಯಾವ ಗೊಂದಲವೂ ಆಗಲಿಲ್ಲ. ಅವಳ ತೋಳಿನ ಪಕ್ಕದಲ್ಲಿ ತಾನೇ ತೂಗಿಕೊಂಡು ಬಂತು. ಮಂಡಿಯ ಮುಂದೆ ಮರಳಿ ಹಾಯುವಾಗ ನಾನು ಆಕಾಶವನ್ನು ನೋಡಲಿಲ್ಲ. ಗುರುಶಾಂತಪ್ಪನವರನ್ನೇ ನೋಡಿ ನಮಸ್ಕಾರ ಹೇಳಿದೆ. ವ್ಯಾಜ್ಯ ಹೋಗುವುದಾದರೆ ಹೋಗಲಿ ಎಂದುಕೊಂಡೆ.

ವಾರ ಕಳೆದಿರಲಿಲ್ಲ, ಗುರುಶಾಂತಪ್ಪನವರು ಸ್ವತಃ ನಮ್ಮ ಮನೆಗೆ ಬಂದರು. ಕಾಗದಪತ್ರ ವಾಪಸು ಕೇಳುತ್ತಾರೆಂದು ನಾನು ಕಡತಕ್ಕೆ ಕೈಹಾಕಿದೆ. ಅವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೆಮ್ಮಿದರು.

“ಅಲ್ಲ ಸ್ವಾಮಿ, ಮೊನ್ನೆ ಅಮ್ಮಾವ್ರು ಒಬ್ರೇ ಹೋದದ್ದನ್ನ ನಮ್ಮಾಕೆ ಮಹಡಿ ಕಿಟಕಿಯಿಂದ ನೋಡವ್ಳೆ. ಈ ಊರಿಗೆ ಸೊಸೆಯಾಗಿ ಬಂದಾಗಿಂದ ರೈಲಿನ ಕೂಗು ಕೇಳವ್ಳಂತೆ, ಇಂಜಿನ್ ಕಣ್ಣಾರೆ ಕಂಡಿಲ್ವಂತೆ. ಗಾಡೀಲಿ ಕರ್ಕೊಂಡು ಹೋಗ್ತೀನಿ ಅಂದೆ. ಬೇಡ್ವಂತೆ, ನಡ್ಕೊಂಡೇ ಹೋಗ್ಬೇಕಂತೆ, ಪಕ್ಕದಲ್ಲೇ.” ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಕೊಲೆಯ ಮೊಕದ್ದಮೆಯಲ್ಲಿ ಸಲಹೆ ಕೇಳುವವರ ಧ್ವನಿಯಲ್ಲಿ ಕೇಳಿದರು: “ಎಡಕ್ಕೋ, ಬಲಕ್ಕೋ?”

ಕೊಡೆಯೊಂದು ಜೊತೆಯಲ್ಲಿರಲಿ ಎಂದು ಸಲಹೆ ಕೊಟ್ಟೆ. ಇದಕ್ಕೆ ನಾನು ಫೀಸು ಕೇಳಲಿಲ್ಲ.

ಆ ಸಂಜೆ ನಾವು ನಾಲ್ವರೂ ಹೊರಟೆವು. ಗುರುಶಾಂತಪ್ಪನವರ ಪತ್ನಿ ಗೌರಮ್ಮ ಸ್ಥೂಲಕಾಯರು, ಮುತ್ತಿನಂಥ ಮಾತಿನವರು. ಮಂಡಿಯ ಆಳುಗಳು ಎದ್ದು ನಿಂತರು. ಗುರುಶಾಂತಪ್ಪನವರು ಶವಯಾತ್ರೆಯಲ್ಲಿದ್ದವರಂತೆ ಗಂಭೀರವಾಗಿ ಪತ್ನಿಯ ಪಕ್ಕದಲ್ಲಿ ಹೆಜ್ಜೆಯಿಟ್ಟರು. ಕ್ಷೌರದಂಗಡಿಯವರೆಗೆ ಎಲ್ಲವೂ ಸಿದ್ಧಾಂತಕ್ಕೆ ಅನುಗುಣವಾಗಿ ನಡೆಯಿತು. ಅಲ್ಲಿ ಗೌರಮ್ಮನವರು ಕಮಲಳನ್ನು ಏನೋ ಕೇಳಿದರು. ಉತ್ತರ ಹೇಳಲು ಇವಳು ಆ ಕಡೆ ಸರಿದಳು. ಕೇಳಲು ಅವರು ಈ ಕಡೆ ಸರಿದರು. ನೋಡನೋಡುತ್ತಿದ್ದಂತೆ ಅವರಿಬ್ಬರೂ ತಲೆಗೆ ತಲೆ ಸೇರಿಸಿ ಮಾತಾಡುತ್ತ ಮುಂದಾದರು. ನಾವಿಬ್ಬರೂ ಕೊಡೆಗಳನ್ನು ಹಿಡಿದುಕೊಂಡು ಹಿಂದುಳಿದೆವು.

“ವಕೀಲ್ರೆ, ಹೆಂಗಸರು ಪಕ್ಕಪಕ್ಕದಲ್ಲಿ ನಡೀಬೇಕು ಅಂತ ತಾನೆ ನಿಮ್ಮ ವಾದ?” ಎಂದರು ಗುರುಶಾಂತಪ್ಪನವರು.

“ಹೌದು.”

“ನಡೀತಾವ್ರೆ ನೋಡಿ.”

ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯ ಇಂಜಿನ್ ಹೊಗೆ ಕಕ್ಕುತ್ತ ಬಂದಾಗ ಗೌರಮ್ಮನವರು ಎರಡೂ ಕೈ ಕೆನ್ನೆಗಿಟ್ಟುಕೊಂಡು ಕಣ್ಣರಳಿಸಿ ನೋಡಿದರು. ಕೊನೆಯ ಡಬ್ಬಿ ಹೋದ ಮೇಲೆಯೂ ಅದು ಹೋದ ದಿಕ್ಕನ್ನೇ ನೋಡುತ್ತಿದ್ದರು. ಗುರುಶಾಂತಪ್ಪನವರು ಯಾರೂ ಹೇಳದೆಯೇ ಹೋಗಿ ಅವರ ಪಕ್ಕದಲ್ಲಿ ನಿಂತರು. ಗೇಟು ತೆರೆಯಿತು. ಜನ ನುಗ್ಗಿದರು. ಕಮಲ ಮಾತ್ರ ಕದಲದೆ, ನಾನು ಬರುವವರೆಗೂ ಅಲ್ಲೇ ನಿಂತಿದ್ದಳು.

“ಹಿಂದೆ ನೀವಿಬ್ಬರೂ ಅಷ್ಟು ಹೊತ್ತು ಏನು ಮಾತಾಡ್ತಿದ್ರಿ?” ಎಂದು ಕೇಳಿದಳು.

“ಮುಂದೆ ನೀವಿಬ್ಬರೂ ಏನು ಮಾತಾಡ್ತಿದ್ದೀರಿ ಅಂತ” ಎಂದೆ.