ಮುಂದಿನ ಮೇಜಿನ ಊಟ

ಬಸ್ ಡಿಪೋದ ಹಿಂದಿನ ರಸ್ತೆಯಲ್ಲಿ ಅವಳನ್ನು ಎಲ್ಲರೂ ಗುಂಡಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಬಂದಾಗ ಅವಳು ಗುಂಡಗೇನೂ ಇರಲಿಲ್ಲ. ಅತ್ತೆಯ ಹೋಟೆಲಿನ ಒಲೆಯ ಮುಂದೆ ವರ್ಷಗಟ್ಟಲೆ ನಿಂತ ಮೇಲೆ ಮೈಯೂ ಬಂತು, ಮೈಯ ಹಿಂದೆಯೇ ಹೆಸರೂ ಬಂತು. ಉಪ್ಪು ನೋಡಲು ಒಂದು ಚಮಚ, ಹದ ನೋಡಲು ಇನ್ನೊಂದು, ಮಿಕ್ಕಿದ್ದು ಹಾಳಾಗಬಾರದೆಂದು ಒಂದು ತಟ್ಟೆ. ಅಡುಗೆಮನೆಯಲ್ಲಿ ಕೆಲಸ ಮಾಡುವವರಿಗೆ ಊಟದ ಹೊತ್ತು ಅಂತ ಬೇರೆ ಇರುವುದಿಲ್ಲ, ದಿನವೆಲ್ಲ ಊಟದ ಹೊತ್ತೇ.

ಹೋಟೆಲು ಕೆಳಗೆ, ಮನೆ ಮೇಲೆ, ನಡುವೆ ಕಿರಿದಾದ ಕಬ್ಬಿಣದ ಮೆಟ್ಟಿಲು. ಡ್ರೈವರುಗಳು, ಕಂಡಕ್ಟರುಗಳು, ಕೈಗೆ ಗ್ರೀಸು ಮೆತ್ತಿಕೊಂಡ ಮೆಕ್ಯಾನಿಕ್ಕುಗಳು ಬೆಳಿಗ್ಗೆಯಿಂದಲೇ ಬಂದು ಕೂರುತ್ತಿದ್ದರು. ಅವರೆಲ್ಲರಿಗೂ ಅತ್ತೆ 'ಅಮ್ಮ'. ಅವರ ಕೈರುಚಿಗೆ ಸೋಲದವರಿಲ್ಲ, ಅವರ ಬಾಯಿಗೆ ಹೆದರದವರೂ ಇಲ್ಲ. ಚಿಕ್ಕಂದಿನಲ್ಲಿ ಹಸಿವು ಕಂಡ ಹೆಂಗಸು. ನೀರು ಕುಡಿದು ಮಲಗಿದ ದಿನಗಳ ಮಾತನ್ನು ಆಡುತ್ತಿರಲಿಲ್ಲ, ಆದರೆ ತಟ್ಟೆಯಲ್ಲಿ ಒಂದು ತುತ್ತು ಬಿಟ್ಟು ಎದ್ದವರನ್ನು ಅವರು ನೋಡುವ ನೋಟದಲ್ಲಿ ಆ ದಿನಗಳೆಲ್ಲ ಇರುತ್ತಿದ್ದವು. ಕರಿದದ್ದು, ಹುರಿದದ್ದು, ಬೆಣ್ಣೆ ಸುರಿದದ್ದು: ಅವರ ಲೆಕ್ಕದಲ್ಲಿ ಪ್ರೀತಿಯೆಂದರೆ ಅಷ್ಟೇ, ಬೇರೆ ಅರ್ಥ ಅವರಿಗೆ ಬೇಕಾಗಿಯೂ ಇರಲಿಲ್ಲ.

ಮಾವ ರೈಲ್ವೆ ಯಾರ್ಡಿನಲ್ಲಿ ಕ್ರೇನ್ ಓಡಿಸಿ ನಿವೃತ್ತರಾದವರು. ಜೀವಮಾನವೆಲ್ಲ ಎತ್ತರದ ಗೂಡಿನಲ್ಲಿ ಕುಳಿತೇ ದುಡಿದವರು, ಈಗ ಕೆಳಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ಒಂದು ಮಧ್ಯಾಹ್ನ ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಎದೆ ಹಿಡಿದುಕೊಂಡು ಕುಸಿದರು. ಗುಂಡಕ್ಕನ ಗಂಡ ವಿದ್ಯುತ್ ಕಂಬಗಳ ಕೆಲಸದವನು, ಆ ಹೊತ್ತಿನಲ್ಲಿ ಯಾವುದೋ ಕಂಬದ ಮೇಲಿದ್ದ. ಅವಳೇ ಮಾವನನ್ನು ಆಟೋಕ್ಕೆ ಹತ್ತಿಸಿ, ಆಸ್ಪತ್ರೆಯ ಉದ್ದನೆಯ ಇಳಿಜಾರಿನಲ್ಲಿ ಗಾಲಿಕುರ್ಚಿ ಮೇಲಕ್ಕೆ ತಳ್ಳಿಕೊಂಡು ಹೋದಳು. ಒಳಗೆ ಬಂದ ಡಾಕ್ಟರಮ್ಮ ಇಬ್ಬರನ್ನೂ ನೋಡಿ ಕೇಳಿದರು:

"ಇಬ್ಬರಲ್ಲಿ ಪೇಷಂಟ್ ಯಾರು?"

ಅವಳ ಏದುಸಿರು ಮಾವನದ್ದಕ್ಕಿಂತ ಜೋರಾಗಿತ್ತು.

ಮಾವನ ಹೃದಯಕ್ಕೆ ಆಗಬೇಕಾದ ಚಿಕಿತ್ಸೆ ಆಯಿತು, ಜೀವ ಉಳಿಯಿತು. ಅವರು ವಾರ್ಡಿನಲ್ಲಿದ್ದಾಗಲೇ ಡಾಕ್ಟರಮ್ಮ ಗುಂಡಕ್ಕನ ರಕ್ತವನ್ನೂ ತೆಗೆಸಿ ನೋಡಿದರು. ಸಕ್ಕರೆ ಏರಿತ್ತು, ರಕ್ತದೊತ್ತಡ ಅದರ ಜೊತೆಗೆ ಪೈಪೋಟಿಗೆ ಬಿದ್ದಿತ್ತು. ಅವಳ ಕಣ್ಣ ಮುಂದೆ ಬಂದದ್ದು ಹೆತ್ತ ತಾಯಿಯ ಮಂಚ. ಅದೇ ಸಕ್ಕರೆ ಕಾಯಿಲೆ ಅಮ್ಮನ ಒಂದು ಪಾದವನ್ನು ತಿಂದಿತ್ತು. ಆಮೇಲೆ ಅಮ್ಮ ಕಿಟಕಿಯಿಂದಾಚೆ ರಸ್ತೆ ನೋಡುತ್ತ ಬದುಕಿದ್ದಷ್ಟು ದಿನ ಬದುಕಿದ್ದರು.

ಮನೆಗೆ ಕಳಿಸುವ ದಿನ ಮಾವ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೇಳಿದರು: "ನೋಡಮ್ಮ, ನಾನೊಬ್ಬನೇ ಪಥ್ಯ ಮಾಡ್ತೀನಿ ಅಂದ್ರೆ ಎರಡು ದಿನ ಮಾಡ್ತೀನಿ. ಮೂರನೇ ದಿನ ನಿಮ್ಮತ್ತೆ ಬಾಣಲೆ ಇಟ್ಟರೆ ನನ್ನ ಕಾಲು ತಾನಾಗೇ ಆ ಕಡೆ ಹೋಗುತ್ತೆ. ನೀನೂ ಜೊತೆಗೆ ಬಾ. ನಾನು ತಪ್ಪಿದ್ರೆ ನೀನು ಬೈ, ನೀನು ತಪ್ಪಿದ್ರೆ ನಾನು ಬೈತೀನಿ."

"ಮಾವನ್ನ ಬೈಯೋದಾ? ಜನ ಏನಂತಾರೆ?"

"ಜನ ನಿನ್ನನ್ನ ಗುಂಡಕ್ಕ ಅಂತಾರೆ. ಅದನ್ನೇ ತಡ್ಕೊಂಡಿದ್ದೀಯಲ್ಲ."

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಸರಿ ಎಂದಳು.

ಮರುವಾರವೇ ಮಾವ ಸೊಸೆ ಬೆಳಕು ಹರಿಯುವ ಹೊತ್ತಿಗೆ ರಸ್ತೆಗಿಳಿದರು. ಮಾವನ ತಲೆಗೆ ಉಣ್ಣೆಯ ಟೋಪಿ, ಸೊಸೆಯ ಕಾಲಿಗೆ ಗಂಡನ ಹಳೆಯ ಬೂಟು. ಡಿಪೋದ ಗೋಡೆಯ ಗುಂಟ ಹೋಗಿ, ಪಂಕ್ಚರ್ ಅಂಗಡಿ ದಾಟಿ, ನೀರಿನ ಟ್ಯಾಂಕಿನವರೆಗೆ. ಮೊದಲ ದಿನ ಪಂಕ್ಚರ್ ಅಂಗಡಿ ಇನ್ನೂ ಸಿಕ್ಕಿರಲಿಲ್ಲ, ಅಷ್ಟರಲ್ಲೇ ಇಬ್ಬರೂ ಗೋಡೆಗೊರಗಿ ಕೂತುಬಿಟ್ಟರು. ಅಂಗಡಿಯವನು ಅಲ್ಲಿಂದಲೇ ಕೂಗಿದ:

"ಏನ್ ಗುಂಡಕ್ಕ, ಗಾಳಿ ಹೋಯ್ತಾ? ಬಾ, ತುಂಬಿಸಿ ಕಳಿಸ್ತೀನಿ!"

ಅಂಗಡಿಯ ಮುಂದೆ ಟೀ ಕುಡಿಯುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದಿನ ಗುಂಡಕ್ಕನಾಗಿದ್ದರೆ ಸೆರಗು ಎಳೆದುಕೊಂಡು ಮನೆ ಸೇರುತ್ತಿದ್ದಳು. ಅವತ್ತು ಎದ್ದಳು, ಮಾವನ ಕೈ ಹಿಡಿದು ಎಬ್ಬಿಸಿದಳು, ಅವನ ಅಂಗಡಿಯ ಮುಂದೆಯೇ, ಅವನ ಮುಖವನ್ನೇ ನೋಡುತ್ತ ದಾಟಿದಳು. "ಗಾಳಿ ನಂದು, ರಸ್ತೆ ಎಲ್ಲರದ್ದು. ನೀನು ನಿನ್ನ ಟ್ಯೂಬು ನೋಡ್ಕೋ," ಎಂದಳು. ಮಂಡಿ ನೋವಿಗೆ ಪ್ರಾಣ ಹೋಗುತ್ತಿದ್ದರೂ ಅವನ ಕಣ್ಣಿಂದ ಮರೆಯಾಗುವವರೆಗೆ ಕುಂಟಲಿಲ್ಲ.

ರಸ್ತೆಯ ಬಾಯಿ ಮುಚ್ಚಿಸುವುದು ಸುಲಭ, ಮನೆಯದ್ದಲ್ಲ.

ಅತ್ತೆ ಮೊದಮೊದಲು ಸುಮ್ಮನಿದ್ದರು. ಆಸ್ಪತ್ರೆಯಿಂದ ಬಂದವರು, ನಾಲ್ಕು ದಿನ ಸಪ್ಪೆ ತಿಂದು ಸರಿಹೋಗುತ್ತಾರೆ ಎಂದುಕೊಂಡಿದ್ದರು. ತಿಂಗಳಾದರೂ ಗಂಡ ಕರಿದ ಮೀನು ಮುಟ್ಟಲಿಲ್ಲ, ಸೊಸೆ ಬೆಣ್ಣೆ ಮುಟ್ಟಲಿಲ್ಲ. ಆಗ ಶುರುವಾಯಿತು.

"ನನ್ನ ಕೈ ಊಟ ಉಂಡು ಈ ರಸ್ತೇಲಿ ಯಾರು ಸತ್ತಿದ್ದಾರೆ, ಹೇಳಿ ನೋಡೋಣ!"

"ಯಾರೂ ಸತ್ತಿಲ್ಲ ಕಣೇ. ನಾನು ಟ್ರೈ ಮಾಡಿ ವಾಪಸ್ ಬಂದೆ ಅಷ್ಟೇ," ಎಂದರು ಮಾವ.

ಅತ್ತೆ ನಗಲಿಲ್ಲ. ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ತಾವೇ ಮುಂದೆ ಬಂದು ಇಬ್ಬರಿಗೂ ಬೇಯಿಸಿದ ತರಕಾರಿ ಮಾಡಿಕೊಟ್ಟರು. ಮಾವನಿಗೆ ಆನಂದವೋ ಆನಂದ. ಅಬ್ಬಾ, ಎಷ್ಟು ರುಚಿ ಎಂದು ಎರಡೆರಡು ಸಲ ಹಾಕಿಸಿಕೊಂಡರು. ಗುಂಡಕ್ಕ ಒಂದು ತುತ್ತು ಬಾಯಿಗಿಟ್ಟಳು, ಅಷ್ಟೇ ಸಾಕಾಯಿತು. ಅಷ್ಟು ವರ್ಷ ಹದ ನೋಡಿದ ನಾಲಿಗೆಗೆ ಸುಳ್ಳು ಹೇಳಲು ಯಾರಿಂದ ಸಾಧ್ಯ? ತರಕಾರಿಯ ಒಳಗೆಲ್ಲ ಬೆಣ್ಣೆ ಕರಗಿಸಿ ಬಿಟ್ಟಿದ್ದರು.

"ಅತ್ತೆ, ಇದರಲ್ಲಿ ಬೆಣ್ಣೆ ಇದೆ."

"ಒಂದಿಷ್ಟು ಇದೆ. ಬಡಕಲಾಗಿಬಿಟ್ಟಿದ್ದಾರೆ ನನ್ನ ಗಂಡ. ನನ್ನ ಗಂಡನಿಗೆ ನಾನು ಬಡಿಸೋಕೆ ನಿನ್ನನ್ನ ಕೇಳಬೇಕಾ?"

ಅವತ್ತು ಸಂಜೆ ಗುಂಡಕ್ಕ ಮಹಡಿಯ ವರಾಂಡದಲ್ಲಿ ಒಂದು ಸಣ್ಣ ಸ್ಟೌ ತಂದಿಟ್ಟಳು. ಪಕ್ಕದಲ್ಲಿ ಎರಡು ಪಾತ್ರೆ, ಒಂದು ಚಾಕು, ಒಂದು ಬುಟ್ಟಿ ಸೊಪ್ಪು. ಒಲೆ ಬೇರೆಯಾದರೆ ಮನೆ ಬೇರೆಯಾದಂತೆ ಎಂಬ ಮಾತು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಇಟ್ಟಳು. ಅತ್ತೆ ಮೆಟ್ಟಿಲ ತುದಿಯಲ್ಲಿ ನಿಂತು ಆ ಸ್ಟೌವನ್ನು ಸವತಿಯನ್ನು ನೋಡುವಂತೆ ನೋಡಿದರು, ಒಂದೂ ಮಾತಾಡದೆ ಇಳಿದುಹೋದರು. ಆ ಮೌನದ ಮುಂದೆ ಬೈಗುಳವೇ ವಾಸಿ ಅನ್ನಿಸಿತು ಅವಳಿಗೆ.

ಗಂಡ ಕೆಲಸದಿಂದ ಬಂದವನು ತಾಯಿ ಹೆಂಡತಿಯ ನಡುವೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ. "ಅಮ್ಮನೂ ತಪ್ಪಲ್ಲ, ನೀನೂ ತಪ್ಪಲ್ಲ. ಅವರ ಸಮಾಧಾನಕ್ಕೆ ಒಂದು ತುತ್ತು ತಿಂದುಬಿಟ್ರೆ ಏನಾಗುತ್ತೆ?"

"ಒಂದು ತುತ್ತು, ಒಂದು ತುತ್ತು ಅಂತ ತಿಂದೇ ನಮ್ಮಮ್ಮ ಕಾಲು ಕಳ್ಕೊಂಡ್ರು," ಎಂದಳು ಅವಳು. "ನಾಳೆ ನನ್ನನ್ನ ಹೊತ್ಕೊಂಡು ಈ ಮೆಟ್ಟಿಲು ಹತ್ತೋರು ನೀವೇ. ಹತ್ತೋಕಾಗುತ್ತಾ ನೋಡಿ."

ಅವನು ಮೆಟ್ಟಿಲು ನೋಡಿದ, ಹೆಂಡತಿಯನ್ನು ನೋಡಿದ, ಸೊಪ್ಪು ಬಿಡಿಸಲು ಕೂತ.

ಇಷ್ಟಾದರೂ ಮಾವ ಸೊಸೆ ಇಬ್ಬರೂ ಋಷಿಗಳೇನಲ್ಲ. ಒಂದು ದಿನ ಮಾವ ಪಂಕ್ಚರ್ ಅಂಗಡಿಯ ಟೈರುಗಳ ಹಿಂದೆ ಕೂತು ಕಾಗದದ ಪೊಟ್ಟಣದಿಂದ ಕರಿದದ್ದೇನನ್ನೋ ತಿನ್ನುತ್ತಿದ್ದಾಗ ಸಿಕ್ಕಿಬಿದ್ದರು. ಗುಂಡಕ್ಕ ಸೊಂಟಕ್ಕೆ ಕೈಯಿಟ್ಟು ನಡುಬೀದಿಯಲ್ಲೇ ಬೈದಳು. ಎಪ್ಪತ್ತರ ಮುದುಕರು ಬಾಯಿ ತುಂಬ ಇದ್ದುದನ್ನು ನುಂಗಲೂ ಆಗದೆ ಉಗುಳಲೂ ಆಗದೆ ತಲೆ ತಗ್ಗಿಸಿ ಕೂತಿದ್ದರು. ಜನ ನಿಂತು ನೋಡಿದರು. ಕೊನೆಗೆ ಅವರು ಪೊಟ್ಟಣವನ್ನು ಅಂಗಡಿಯವನ ಕೈಗಿಟ್ಟು, "ಬೈಗುಳ ಚೆನ್ನಾಗಿತ್ತಮ್ಮ. ಈಗ ನಡಿ, ಟ್ಯಾಂಕಿನ ತನಕ ಹೋಗಿಬರೋಣ," ಎಂದರು.

ಅವಳೂ ತಪ್ಪಿದಳು. ಅತ್ತೆ ಮಾತು ಬಿಟ್ಟು ಬಹಳ ದಿನವಾಗಿತ್ತು. ಅಡುಗೆಮನೆಯಲ್ಲಿ ಒಟ್ಟಿಗೆ ನಿಂತು ಕೆಲಸ ಮಾಡುತ್ತ, ಗೋಡೆಗೆ ಹೇಳುವಂತೆ "ಈರುಳ್ಳಿ ಬೇಕು" ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಅವಳಿಗೆ ದುಃಖ ಉಕ್ಕಿ ಬಂದು ಉಗ್ರಾಣಕ್ಕೆ ಹೋಗಿ, ಸಿಹಿ ಬ್ರೆಡ್ಡಿನ ಡಬ್ಬಿ ತೆಗೆದು, ತಳ ಕಾಣುವವರೆಗೂ ತಿಂದಳು. ಮಾವ ಹುಡುಕಿಕೊಂಡು ಬಂದರು. ಬೈಯುವ ಹಕ್ಕು ಅವರದಾಗಿತ್ತು. ಅವರು ಬೈಯಲಿಲ್ಲ. ಅಕ್ಕಿ ಮೂಟೆಯ ಮೇಲೆ ಪಕ್ಕದಲ್ಲೇ ಕೂತರು.

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಮ್ಮ ಮನೇಲಿ ನೋಡು, ಎರಡೂ ಬಲ್ಲವರು ಒಬ್ಬರೂ ಇಲ್ಲ," ಎಂದರು. ಖಾಲಿ ಡಬ್ಬಿಗೆ ಮುಚ್ಚಳ ಹಾಕಿ, "ಇವತ್ತಿಂದು ಇವತ್ತಿಗೆ. ನಾಳೆ ಬೆಳಿಗ್ಗೆ ಬಾಗಿಲು ಬಡೀತೀನಿ," ಎಂದು ಎದ್ದು ಹೋದರು. ಬಡಿದರು ಕೂಡ.

ಅಷ್ಟರಲ್ಲಿ ಹೋಟೆಲಿನ ಮೇಜುಗಳ ಮೇಲೆ ಒಂದು ಮಾತು ಹರಿದಾಡತೊಡಗಿತ್ತು. ಅಮ್ಮನ ಹೋಟೆಲಿನಲ್ಲಿ ಅಮ್ಮನ ಮನೆಯವರೇ ಉಣ್ಣುವುದಿಲ್ಲವಂತೆ. ಒಂದು ದಿನ ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಒಬ್ಬ ಕಂಡಕ್ಟರ್ ಅದನ್ನು ಗಟ್ಟಿಯಾಗಿಯೇ ಕೇಳಿಬಿಟ್ಟ: "ಅಮ್ಮಾ, ಯಜಮಾನ್ರು ಮೇಲೆ ಬೇರೆ ಅಡುಗೆ ಮಾಡಿಸ್ಕೊಂಡು ತಿಂತಾರಂತೆ ಹೌದಾ? ಇದರಲ್ಲೇನಾದ್ರೂ ಇದೆಯಾ ಹಾಗಾದ್ರೆ?"

ಅತ್ತೆಯ ಮುಖ ಕೆಂಡವಾಯಿತು. ಒಳಗೆ ಹೋದರು. ದೊಡ್ಡ ತಟ್ಟೆಯ ತುಂಬ ಅನ್ನ, ಅದರ ಮೇಲೆ ಬೆಣ್ಣೆ, ಪಕ್ಕದಲ್ಲಿ ಗರಿಗರಿ ಕರಿದ ಮೀನು ಹಾಕಿ ತಂದರು. ಗಲ್ಲಾಪೆಟ್ಟಿಗೆಯ ಹಿಂದಿದ್ದ ಗಂಡನನ್ನು ಬಾಗಿಲ ಬಳಿಯ ಮುಂದಿನ ಮೇಜಿಗೆ ಕರೆತಂದು ಕೂರಿಸಿದರು.

"ತಿನ್ನಿ. ಎಲ್ಲರೂ ನೋಡಲಿ."

ಉಣ್ಣುತ್ತಿದ್ದವರೆಲ್ಲ ಆ ಮೇಜಿನ ಕಡೆ ತಿರುಗಿದರು. ಮಾವ ತಟ್ಟೆ ನೋಡಿದರು, ಅದನ್ನು ಬಡಿಸಿದ ಹೆಂಡತಿಯ ಕೈ ನೋಡಿದರು. ಆ ಕೈಗೆ ಅವರು ಯಾವತ್ತೂ ಇಲ್ಲ ಎಂದವರಲ್ಲ. ಅವರ ಬೆರಳು ತಟ್ಟೆಯ ಕಡೆ ಸರಿದದ್ದನ್ನು ಗುಂಡಕ್ಕ ಅಡುಗೆಮನೆಯ ಕಿಂಡಿಯಿಂದ ಕಂಡಳು.

ಅವಳು ದಡದಡನೆ ಮೆಟ್ಟಿಲು ಹತ್ತಿದಳು. ವರಾಂಡದಲ್ಲಿದ್ದ ಪಾತ್ರೆ ಎತ್ತಿಕೊಂಡು ದಡದಡನೆ ಇಳಿದಳು, ನಡುವೆ ಎಲ್ಲೂ ನಿಲ್ಲದೆ. ಮಾವನ ಎದುರಿನ ಕುರ್ಚಿ ಎಳೆದು ಕೂತಳು. ಕರಿದ ಮೀನಿನ ತಟ್ಟೆ ಪಕ್ಕಕ್ಕೆ ಸರಿಸಿ, ಇಬ್ಬರಿಗೂ ಸೊಪ್ಪು, ಬೇಯಿಸಿದ ಬೇಳೆ, ಒಂದು ಹಿಡಿ ಅನ್ನ ಬಡಿಸಿದಳು.

"ಇವತ್ತಿಂದ ನಾವು ಇಲ್ಲೇ ಕೂತು ತಿಂತೀವಿ," ಎಂದಳು, ಎಲ್ಲರಿಗೂ ಕೇಳುವಂತೆ. "ಬಚ್ಚಿಟ್ಕೊಂಡು ತಿನ್ನೋಕೆ ಇದೇನು ಕಳ್ಳಮಾಲಲ್ಲ. ಅತ್ತೆ ಊಟ ಕೆಟ್ಟದ್ದು ಅಂತ ಯಾವನಾದ್ರೂ ಅಂದ್ರೆ ಅವನ ನಾಲಿಗೆ ನಾನೇ ಕಿತ್ತಿಡ್ತೀನಿ. ರುಚಿ ಇಲ್ಲದೆ ಇದ್ದಿದ್ರೆ ಬಿಡೋಕೆ ಇಷ್ಟು ಒದ್ದಾಡ್ತಿದ್ವಾ? ನಮ್ಮ ಮೈ ತಡೆಯಲ್ಲ, ಅದಕ್ಕೆ ಬಿಟ್ಟಿದೀವಿ. ಅತ್ತೆ, ನೀವು ಬೈರಿ, ಹೊಡೀರಿ, ಮಾತು ಬಿಡಿ. ಇವರನ್ನ ಇನ್ನೊಂದ್ಸಲ ಆ ಆಸ್ಪತ್ರೆ ಇಳಿಜಾರಲ್ಲಿ ತಳ್ಕೊಂಡು ಹೋಗೋಕೆ ನಾನು ತಯಾರಿಲ್ಲ."

ಮಾವ ಮೊದಲ ತುತ್ತು ಬಾಯಿಗಿಟ್ಟುಕೊಂಡರು. ಕಂಡಕ್ಟರ್ ತನ್ನ ತಟ್ಟೆಯೊಳಗೆ ತಲೆ ಹುದುಗಿಸಿದ. ಅತ್ತೆ ಬೆಣ್ಣೆ ಹಾಕಿದ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅವತ್ತು ಅಷ್ಟೂ ಜನಕ್ಕೆ ಒಬ್ಬರೇ ಬಡಿಸಿದರು, ಸೊಸೆಗೆ ಕೈ ಹಾಕಲು ಬಿಡಲಿಲ್ಲ.

ಮರುದಿನವೂ ಇಬ್ಬರೂ ಮುಂದಿನ ಮೇಜಿನಲ್ಲಿ ಕೂತರು. ಅದರ ಮರುದಿನವೂ. ಆ ವಾರದ ಕೊನೆಗೆ ಅತ್ತೆ ಅವರ ಮೇಜಿನ ಪಕ್ಕ ಹಾದುಹೋಗುವಾಗ ನಿಂತರು. ಪಾತ್ರೆಗೆ ಚಮಚ ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಮುಖ ಸಿಂಡರಿಸಿದರು.

"ಥೂ! ಇದನ್ನ ನನ್ನ ಹೋಟೆಲಿನ ಮುಂದಿನ ಮೇಜಲ್ಲಿ ಇಟ್ಕೊಂಡು ತಿಂತಿದ್ದೀರಾ? ನೋಡಿದವರು ನಾನೇ ಮಾಡಿದ್ದು ಅಂದ್ಕೊಳ್ಳಲ್ವಾ? ಸೊಪ್ಪು ಕರಗಿಹೋಗೋ ತನಕ ಬೇಯಿಸಿದೀಯ. ಬೆಳ್ಳುಳ್ಳಿ ಸುಟ್ಟು ಹಾಕಬೇಕು ಅಂತ ಗೊತ್ತಿಲ್ವಾ? ಇಷ್ಟು ವರ್ಷ ನನ್ನ ಪಕ್ಕ ನಿಂತು ಕಲಿತದ್ದು ಇದೇನಾ?"

"ಎಣ್ಣೆ ಇಲ್ಲದೆ ಮಾಡೋದನ್ನ ನೀವು ಹೇಳಿಕೊಡಲಿಲ್ಲವಲ್ಲ ಅತ್ತೆ."

"ಎಣ್ಣೆ ಇಲ್ಲದೇನೂ ರುಚಿ ಬರಿಸ್ತೀನಿ. ಸರಿ ಆ ಕಡೆ."

ಹೀಗೆ ವರಾಂಡದ ಸ್ಟೌ ಕೆಳಗಿಳಿದು ದೊಡ್ಡ ಒಲೆಗಳ ಸಾಲಿನ ತುದಿಯಲ್ಲಿ ಕೂತಿತು. ಅತ್ತೆ ಸೋತರು ಎಂದು ಯಾರೂ ಹೇಳುವಂತಿಲ್ಲ. ಬಾಣಲೆ ಇಳಿಸಲಿಲ್ಲ, ನಡೆಯಲು ಬಾ ಎಂದು ಕರೆದರೆ "ಕೆಲಸ ಇಲ್ಲದವರ ಕೆಲಸ" ಎಂದು ಮೂಗು ಮುರಿಯುವುದನ್ನೂ ಬಿಡಲಿಲ್ಲ. ಸುಟ್ಟ ಬೆಳ್ಳುಳ್ಳಿ, ಹುಳಿ, ಮೆಣಸು ಹಾಕಿ ಅವರು ಮಾಡಿದ ಸೊಪ್ಪನ್ನು ಕೆಲವು ಡ್ರೈವರುಗಳೂ ಕೇಳಿ ಹಾಕಿಸಿಕೊಳ್ಳತೊಡಗಿದರು. ಅವರಿಗೆ ಬಡಿಸುವಾಗ ಮಾತ್ರ ಅತ್ತೆ "ಕಾಯಿಲೆಯವರ ಊಟ" ಎಂದು ಗೊಣಗುತ್ತಿದ್ದರು.

ಡಾಕ್ಟರಮ್ಮ ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿದೆ ಎಂದರು. ತೂಕ ಮಾತ್ರ ಅಂದುಕೊಂಡಷ್ಟು ಇಳಿದಿಲ್ಲ ಎಂದು ಹುಬ್ಬು ಗಂಟಿಕ್ಕಿದರು.

"ಇರಲಿ ಬಿಡಿ ಡಾಕ್ಟ್ರೇ," ಎಂದಳು ಗುಂಡಕ್ಕ. "ನಾನು ತೆಳ್ಳಗಾಗಿ ಯಾರಿಗೂ ತೋರಿಸಬೇಕಾಗಿಲ್ಲ. ನನ್ನ ಕಾಲ ಮೇಲೆ ನಾನು ನಿಂತ್ಕೊಂಡಿದ್ರೆ ಸಾಕು."

ಆ ವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮಂಜು ದಟ್ಟವಾಗಿ ಕವಿದಿತ್ತು. ನೀರಿನ ಟ್ಯಾಂಕಿಗೆ ಹೋಗುವ ಏರಿನಲ್ಲಿ ಮಾವ ಒಂದು ಕಟ್ಟೆಯ ಮೇಲೆ ಕೂತುಬಿಟ್ಟರು. ನೋವಿಲ್ಲ, ಸುಸ್ತು ಅಷ್ಟೇ ಎಂದರು. ಅವಳು ನಾಡಿ ಹಿಡಿದು ನೋಡಿದಳು, ನೀರು ಕುಡಿಸಿದಳು.

"ನೀನು ಹೋಗಮ್ಮ. ನಾನು ಇಲ್ಲೇ ಇರ್ತೀನಿ. ಮುದುಕನ ಜೊತೆ ಎಷ್ಟು ದಿನ ಕಾಲೆಳೀತೀಯ?"

"ನೀವು ಏಳೋ ತನಕ ನಾನು ಹೋಗಲ್ಲ."

"ಹೊತ್ತಾಗುತ್ತೆ. ನಿಮ್ಮತ್ತೆ ಒಲೆ ಹಚ್ಚಿರ್ತಾಳೆ, ಕೂಗಾಡ್ತಾಳೆ."

"ಕೂಗಾಡಲಿ."

"ಹಠಮಾರಿ!"

"ನಿಮ್ಮ ಮನೆಗೆ ಬಂದ ಮೇಲೆ ಕಲಿತದ್ದು ಮಾವ. ತವರಿಂದ ತಂದದ್ದಲ್ಲ."

ಮಾವ ಕೆಮ್ಮಿದರು, ನಕ್ಕರು, ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡರು. ಅವಳು ಬೆಚ್ಚಗಾಗಲೆಂದು ಕೈ ಉಜ್ಜಿಕೊಳ್ಳುತ್ತ ನಿಂತೇ ಇದ್ದಳು. ಎಷ್ಟೋ ಹೊತ್ತಿನ ಮೇಲೆ ಅವರು ಮಂಡಿಯ ಮೇಲೆ ಕೈಯೂರಿ ಎದ್ದರು. ಇಬ್ಬರೂ ನಿಧಾನವಾಗಿ, ಮಂಜಿನೊಳಗೆ, ಏರನ್ನು ಹತ್ತತೊಡಗಿದರು.