ಮಾವ ಶಹಾಪುರಕ್ಕೆ ಬಂದದ್ದು

ಮಗಳು ಹುಟ್ಟಿದಾಗ ಕೊಂಕಲ್‌ನಿಂದ ಒಂದು ಚೀಲ ಹಿಡಿದು ಶಹಾಪುರದ ನಮ್ಮ ಮನೆಗೆ ಬಂದ ಅತ್ತೆ, ಆ ಕೂಸು ಶಾಲೆಗೆ ಹೋಗುವ ತನಕ ಕದಲಲಿಲ್ಲ. ನಾನು ಟೀಚರ್, ನಮ್ಮ ಮನೆಯವರು ಯಾದಗಿರಿಯಲ್ಲಿ ಗುಮಾಸ್ತರು. ಬೆಳಗಾದರೆ ಇಬ್ಬರೂ ಮನೆಯಲ್ಲಿಲ್ಲ. ನನಗೋ ತಾಯಿಯಿಲ್ಲ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು, ಲೋಬಾನದ ಹೊಗೆ ಹಿಡಿಯುವುದು, ಉಣಿಸುವುದು ಎಲ್ಲ ಅತ್ತೆಯದೇ. ಮಾವ ಹೊಲ ನೋಡಿಕೊಂಡು ಊರಲ್ಲೇ ಉಳಿದರು. ರವಿವಾರ ಬಸ್ಸು ಹತ್ತಿ ಬರುವುದು, ಉಂಡು, ವಾರಕ್ಕಾಗುವಷ್ಟು ಖಡಕ್ ರೊಟ್ಟಿ ಕಟ್ಟಿಸಿಕೊಂಡು ವಾಪಸ್ ಹೋಗುವುದು.

ನನಗೆ ಇನ್ನೊಂದು ಮಗು ಬೇಕೇ ಬೇಕಿತ್ತು. ಆದರೆ ಅತ್ತೆ ಇಲ್ಲದೆ ಅದು ಆಗುವ ಮಾತಲ್ಲ. ನೀವೇ ಕೇಳಿ ಎಂದರೆ ನಮ್ಮ ಮನೆಯವರು, "ಅವ್ವಗ ನಾ ಹೆಂಗ ಕೇಳಲಿ? ನೀನ ಕೇಳು" ಎಂದು ಜಾರಿಕೊಂಡರು. ಗಂಡಸರ ಧೈರ್ಯ ಇಷ್ಟೇ!

ಒಂದು ರವಿವಾರ ಎಲ್ಲರಿಗೂ ಬಡಿಸುತ್ತ ಕೇಳಿಯೇಬಿಟ್ಟೆ. ಅತ್ತೆ ಕಡ್ಡಿ ಮುರಿದಂತೆ ಹೇಳಿದರು: "ನನ್ನ ಕೈಲೆ ಆಗಂಗಿಲ್ಲ ಯವ್ವಾ. ಮಣಕಾಲ ಹಿಡಕೊಂಡಾವ. ನನಗೂ ಒಂದು ಮನಿ ಅಂಬೋದು ಐತಿಲ್ಲೋ? ಇವರು ಒಬ್ಬರ ಅಲ್ಲಿ ಒಣಾ ರೊಟ್ಟಿ ಕಡಕೋತ ಕುಂದರತಾರ. ಈ ಬ್ಯಾಸಗಿಗೆ ನಾ ಊರಿಗೆ ಹೋಗಾಕಿ."

ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ, ಸಿಟ್ಟಾಗಲೂ ದಾರಿಯಿಲ್ಲ. ಸಾರು ತರುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಯಾವ ಮಾತಿಗೂ ಬಾಯಿ ಹಾಕದ ಮಾವ ತಾಟಿನಿಂದ ತಲೆ ಎತ್ತದೆ, "ನಾ ಬರ್ತೀನಿ ತಗೋ. ಹೊಲ ಪಾಲಿಗೆ ಕೊಟ್ರಾತು. ಕೂಸಿನ್ನ ನಾ ನೋಡಕೋತೀನಿ" ಎಂದರು.

ಅತ್ತೆಯ ನಗು ಓಣಿಗೆಲ್ಲ ಕೇಳಿರಬೇಕು. "ಅಯ್ಯ! ತಮ್ಮ ಮಗನ್ನ ಒಂದಿನ ಎತಗೊಂಡವರಲ್ಲ, ಈಗ ಕೂಸ ನೋಡ್ತಾರಂತ!"

"ಹೆಂಗ ಎತಗೊಳ್ಳಲಿ?" ಮಾವನ ದನಿ ಏರಿತು. "ಮನ್ಯಾಗ ನಮ್ಮಪ್ಪ ಇದ್ದ, ಕಾಕಾ ಇದ್ದ. ಹಿರೇರ ಮುಂದ ತನ್ನ ಕೂಸ ಎತಗೊಂಡ್ರ ನಾಚಿಕಿಲ್ಲದಾಂವ ಅಂತಿದ್ರು. ಇಂವ ಅಳಾಕತ್ತಿದ್ರ ನಾ ಎದ್ದು ದನದ ಕೊಟಗಿಗೆ ಹೋಗ್ತಿದ್ದೆ."

ನಮ್ಮ ಮನೆಯವರು ತುತ್ತನ್ನು ಕೈಯಲ್ಲೇ ಹಿಡಿದು ಕೂತರು. ಅತ್ತೆಯ ನಗು ನಿಂತಿತು. "ಎರಿಯಾಕ ಬರ್ತದೇನ್ರಿ ನಿಮಗ?" ಎಂದು ಕೇಳಿದರು.

"ನೀ ಬಾಜೂಕ ಕುಂತ ಹೇಳು. ನನ್ನ ಕಾಲ ಇನ್ನಾ ಗಟ್ಟಿ ಅದಾವ."

ಹೀಗೆ ಮಾವನೂ ಶಹಾಪುರಕ್ಕೆ ಬಂದರು. ಎರಡನೆಯದೂ ಮಗಳೇ ಹುಟ್ಟಿದಳು. ಗಂಡಸು ಬಚ್ಚಲಲ್ಲಿ ಕಾಲು ಚಾಚಿ ಕೂತು ಕೂಸಿಗೆ ಎರೆಯುವುದನ್ನು ನೋಡಿ ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ನಗಲಿ ಬಿಡಿ, ನನ್ನ ಖುಷಿ ನನಗೆ. ಮಣೆಯ ಮೇಲೆ ಕೂತ ಅತ್ತೆಯ ಹುಕುಂ ಮಾತ್ರ ಒಂದೇ ಸಮನೆ: "ಕುತ್ತಿಗಿ ಹಿಡೀರಿ! ಕಿವ್ಯಾಗ ನೀರ ಹೊಕ್ಕಾವು!"

ಮೊದಲ ಸಲ ಎರೆಯಲು ಕೂತ ದಿನ ಮಾವ ಚೊಂಬು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಕಾಲ ಮೇಲಿನ ಕೂಸನ್ನೇ ನೋಡುತ್ತಿದ್ದರು. ನೀರು ಆರಿಹೋಗುತ್ತದೆ ಎಂದು ಅತ್ತೆ ಗದರಿದರು.

"ನಮ್ಮ ಹುಡುಗನೂ ಇಷ್ಟ ಸಣ್ಣಾಂವ ಇದ್ದನೇನ?" ಎಂದು ಕೇಳಿದರು ಮಾವ.

"ಇದಕ್ಕಿಂತಾ ಸಣ್ಣಾಂವ ಇದ್ದ" ಎಂದರು ಅತ್ತೆ.